ಮೀನಿನ ಹುರುಪೆಯಲ್ಲಿ ಹುಟ್ಟಿದ ವರ್ಷ

ಮಲ್ಪೆಯಲ್ಲೋ ಮಂಗಳೂರಿನಲ್ಲೋ ಬೂತಾಯಿ ಸಿಗದ ವರ್ಷ ಧಕ್ಕೆಯ ಮೇಲೆ ಕೇಳಿಬರುವ ಮಾತು ಒಂದೇ: "ಈ ಸಲ ಮೀನೆಲ್ಲ ಎಲ್ಲಿಗೆ ಹೋಯ್ತು ಮಾರಾಯ್ರೇ?" ನೂರು ವರ್ಷಕ್ಕೂ ಹಿಂದೆ ನಾರ್ವೆಯ ಮೀನುಗಾರರೂ ತಮ್ಮ ಹೆರಿಂಗ್ ಮೀನಿನ ಬಗ್ಗೆ ಇದನ್ನೇ ಕೇಳುತ್ತಿದ್ದರು. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೂರದ ನೆಂಟ. ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು, ಕೊನೆಗೆ ಪ್ರಶ್ನೆಯನ್ನೇ ತಿದ್ದಿದ ವಿಜ್ಞಾನಿ ಯೋಹಾನ್ ಯೋರ್ಟ್. ಇವತ್ತು ಅವರ ಕೆಲಸದ ಕಥೆ.

1869ರಲ್ಲಿ ಹುಟ್ಟಿದ ಯೋರ್ಟ್ ವೈದ್ಯರಾಗಲು ಹೊರಟವರು. ನಡುದಾರಿಯಲ್ಲಿ ಪ್ರಾಣಿಶಾಸ್ತ್ರದ ಕಡೆ ಹೊರಳಿ, ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದರು. 1900ರ ಹೊತ್ತಿಗೆ ಸಂಶೋಧನೆಗೆಂದೇ ಕಟ್ಟಿದ 'ಮೈಕೇಲ್ ಸಾರ್ಸ್' ಎಂಬ ಉಗಿಹಡಗು ಅವರ ಕೈಗೆ ಬಂತು. ಮುಂದೆ ಬರ್ಗನ್ ಪಟ್ಟಣದಲ್ಲಿ ನಾರ್ವೆ ದೇಶದ ಮೀನುಗಾರಿಕೆಯ ನಿರ್ದೇಶಕರೂ ಆದರು. ಹಾಗಾಗಿ ಅವರ ವಿಜ್ಞಾನಕ್ಕೆ ಕಿಟಕಿಯಾಚೆಗೇ ಒಂದು ಪರೀಕ್ಷೆ ಕಾದಿರುತ್ತಿತ್ತು. ಮೀನು ಸಿಗದಿದ್ದರೆ ಕರಾವಳಿಯ ಊರುಗಳಿಗೆ ಊರುಗಳೇ ಸಾಲದಲ್ಲಿ ಮುಳುಗುತ್ತಿದ್ದವು.

ಆಗ ಎಲ್ಲರೂ ನಂಬಿದ್ದು ಹೀಗೆ: ಸಮುದ್ರದಲ್ಲಿ ಮೀನಿಗೆ ಬರವಿಲ್ಲ, ಈ ವರ್ಷ ನಮ್ಮ ದಡಕ್ಕೆ ಬರಲಿಲ್ಲವೆಂದರೆ ಬೇರೆ ಕಡೆ ಹೋಗಿದೆ, ಅಷ್ಟೇ. ಯೋರ್ಟ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಜನಗಣತಿ ಮಾಡುವವರು ಊರಿನಲ್ಲಿ ಎಷ್ಟು ತಲೆ ಎಂದಷ್ಟೇ ಎಣಿಸುವುದಿಲ್ಲ, ಪ್ರಾಯವನ್ನೂ ಕೇಳುತ್ತಾರೆ. ಮೀನಿಗೂ ಹಾಗೇ ಕೇಳಿದರೆ ಹೇಗೆ?

ಮೀನಿನ ಪ್ರಾಯ ಅದರ ಹುರುಪೆಯಲ್ಲೇ ಇದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಹುರುಪೆಯ ಮೇಲೆ ವರ್ಷಕ್ಕೊಂದು ಗೆರೆ ಮೂಡುತ್ತದೆ, ಮರದ ಕಾಂಡದಲ್ಲಿ ಉಂಗುರ ಮೂಡುವ ಹಾಗೆ. ಯೋರ್ಟ್ ಮತ್ತು ಅವರ ಸಹಾಯಕರು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ಈ ಗೆರೆಗಳನ್ನು ಎಣಿಸಿದರು.

ಆಗ ಬೆಳಕಿಗೆ ಬಂದದ್ದು ಯಾರೂ ಊಹಿಸದ ಸಂಗತಿ. ಬಲೆಗೆ ಬಿದ್ದ ಹೆರಿಂಗ್‌ಗಳಲ್ಲಿ ಬಹುಪಾಲು ಒಂದೇ ವರ್ಷ, 1904ರಲ್ಲಿ, ಹುಟ್ಟಿದ್ದವು. ಮರುವರ್ಷ ನೋಡಿದರೂ ಅದೇ 1904ರ ಪೀಳಿಗೆ, ಗೆರೆ ಮಾತ್ರ ಒಂದು ಹೆಚ್ಚು. ಹಲವು ವರ್ಷ ಇಡೀ ನಾರ್ವೆ ಒಂದು ಒಳ್ಳೆಯ ವರ್ಷದ ಸಂತಾನವನ್ನು ತಿಂದುಕೊಂಡು ಬದುಕಿತ್ತು! ಹಿಂದೆ ಮುಂದೆ ಹುಟ್ಟಿದ ಪೀಳಿಗೆಗಳು ಬಲೆಯಲ್ಲಿ ಅದಕ್ಕಿಂತ ತುಂಬ ಕಡಿಮೆ ಇದ್ದವು.

ಒಂದು ಹೆಣ್ಣು ಹೆರಿಂಗ್ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಹಾಗಿದ್ದರೂ ಯಾಕೆ ಹೀಗೆ? 1914ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಪ್ರಬಂಧದಲ್ಲಿ ಯೋರ್ಟ್ ಎರಡು ಕಾರಣ ಸೂಚಿಸಿದರು. ಮೊಟ್ಟೆಯೊಡೆದ ಮರಿ ಕೆಲವು ದಿನ ಹೊಟ್ಟೆಗಂಟಿದ ಹಳದಿಯ ಬುತ್ತಿಯಲ್ಲಿ ಬದುಕುತ್ತದೆ. ಬುತ್ತಿ ಮುಗಿದ ಗಳಿಗೆಗೆ ಸರಿಯಾಗಿ ಬಾಯಿಗೆ ಹಿಡಿಸುವಂಥ ಸೂಕ್ಷ್ಮಜೀವಿಗಳು ನೀರಿನಲ್ಲಿರಬೇಕು. ಇಲ್ಲದಿದ್ದರೆ ಆ ವರ್ಷದ ಸಂತಾನವೇ ಹಸಿವಿನಿಂದ ಅಳಿಯುತ್ತದೆ. ಎರಡನೆಯದು, ಪ್ರವಾಹ ಮರಿಗಳನ್ನು ಆಳಸಮುದ್ರಕ್ಕೆ ಎಳೆದೊಯ್ದು ದಿಕ್ಕಿಲ್ಲದಂತೆ ಮಾಡಬಹುದು. ಮೊದಲನೆಯದನ್ನು ನಿರ್ಣಾಯಕ ಕಾಲ ಎಂದು ಕರೆಯುತ್ತಾರೆ. ಅದನ್ನು ಒರೆಗೆ ಹಚ್ಚುವ ಕೆಲಸ ಇಂದಿಗೂ ನಡೆದಿದೆ.

ಹೀಗೆ ನೋಡಿದರೆ, ಮರಿಗಳನ್ನು ಲಕ್ಷಗಟ್ಟಲೆ ಸಾಕಿ ಕಡಲಿಗೆ ಬಿಟ್ಟ ಮಾತ್ರಕ್ಕೆ ಮೀನು ಹೆಚ್ಚೀತೆಂದು ಹೇಳಲಾಗದು. ಅದನ್ನೇ ನೆಚ್ಚಿದ್ದ ಕಾಡ್ ಮೀನಿನ ಮರಿಕೇಂದ್ರದವರೊಡನೆ ಯೋರ್ಟ್‌ಗೆ ದೊಡ್ಡ ವಾಗ್ವಾದವೇ ನಡೆದಿತ್ತು.

1948ರಲ್ಲಿ ತೀರಿಕೊಳ್ಳುವಾಗ ಅವರು ಅಂತರರಾಷ್ಟ್ರೀಯ ಸಮುದ್ರ ಸಂಶೋಧನಾ ಮಂಡಳಿಯ ಅಧ್ಯಕ್ಷರು. ಅದು ಹುಟ್ಟಿದ 1902ರಿಂದಲೂ ಅದರ ಜೊತೆಗಿದ್ದವರು.

ಮತ್ತೆ ನಮ್ಮ ಧಕ್ಕೆಗೆ ಬರೋಣ. ಹೆರಿಂಗ್ ಹತ್ತಾರು ವರ್ಷ ಬಾಳೀತು. ಬೂತಾಯಿಯ ಆಯುಸ್ಸು ಎರಡು-ಮೂರು ವರ್ಷ. ಒಂದು ಒಳ್ಳೆಯ ಪೀಳಿಗೆಯನ್ನು ನೆಚ್ಚಿ ಬಹಳ ಕಾಲ ಕೂರುವಂತಿಲ್ಲ. ಅದು ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಬಂದರಿನಲ್ಲಿ ಕಟ್ಟಿ ನಿಲ್ಲುವುದಕ್ಕೂ ಆ ಸಂತಾನದ ಯೋಚನೆಯೇ ಒಂದು ಕಾರಣ. ಮುಂದಿನ ಸಲ ಬುಟ್ಟಿ ಬರಿದಾದಾಗ ಮೀನು ಎಲ್ಲಿಗೆ ಹೋಯಿತು ಎನ್ನುವ ಮೊದಲು, ಹೋದ ಮಳೆಗಾಲದಲ್ಲಿ ಹುಟ್ಟಿದ ಮರಿಗಳಿಗೆ ಹೊಟ್ಟೆ ತುಂಬಿತ್ತೇ ಎಂದು ಕೇಳೋಣ.