ಪೆನ್ಸಿಲಿನಿಂದ ಸುತ್ತಿದ ಹಾಡು

ಸಂಗೀತವೆಂದರೆ ಕುಳಿತು ಕೇಳತಕ್ಕದ್ದು ಎಂದು ನಂಬಿ ಬೆಳೆದವನು ನಾನು. ಅಂಥವನು ಈಚೆಗೆ ಹಗರಿಬೊಮ್ಮನಹಳ್ಳಿಯಲ್ಲಿ ನಡೆದ, ಡಿಸ್ಕೊ ಕಾಲದ ಹಾಡುಗಳ ರಸಮಂಜರಿಗೆ ಹೋಗಿ ಬಂದೆನೆಂದರೆ ನನ್ನನ್ನು ಬಲ್ಲವರು ನಕ್ಕಾರು. ಹಡಗಲಿಯಲ್ಲಿರುವ ನನ್ನ ತಮ್ಮ ಕರೆದ, ಹೋದೆ.

ಬಯಲಿನಲ್ಲಿ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಿಂದಲೂ ಜನ ಬಂದಿದ್ದರು. ಹೆಚ್ಚಿನವರು ಅರವತ್ತರ ಆಸುಪಾಸಿನವರು. ಮಿರ್ಚಿ ಮಂಡಕ್ಕಿಯ ಘಮ, ಬಣ್ಣದ ದೀಪ, ಎದೆಯನ್ನೇ ಗುದ್ದುವ ಧ್ವನಿವರ್ಧಕ. ಡಿಸ್ಕೊ ತಾಳದ ಗುಟ್ಟು ಸರಳವಾದುದು. ನಾಲ್ಕು ಎಣಿಕೆಗೆ ನಾಲ್ಕು ಸಮನಾದ ಪೆಟ್ಟು. ನಿಮಿಷಕ್ಕೆ ಸುಮಾರು 120. ಮೈಲಾರದ ಜಾತ್ರೆಯ ಡೊಳ್ಳು ಕೇಳಿ ಬೆಳೆದ ನಮ್ಮ ಕಡೆಯವರಿಗೆ, ಪೆಟ್ಟಿಗೆ ಮೈ ಓಗೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಸಂಗೀತ ನಮಗೆ ತೀರ ಹೊರಗಿನದೂ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯನವರು ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ ಒಂದು ಹಾಡನ್ನು ನಿರ್ಮಿಸಿ ಲೋಕಪ್ರಸಿದ್ಧರಾದರು. 1980ರ ‘ಕುರ್ಬಾನಿ’ ಚಿತ್ರಕ್ಕೆ ನಾಜಿಯಾ ಹಸನ್ ಎಂಬ ಎಳೆಯ ಹುಡುಗಿಯಿಂದ ಅವರು ಹಾಡಿಸಿದ ಒಂದೇ ಹಾಡು ದೇಶದ ಮನೆಮಾತಾಯಿತು. 1982ರಲ್ಲಿ ಬಪ್ಪಿ ಲಾಹಿರಿಯವರ ಸಂಗೀತದ ‘ಡಿಸ್ಕೊ ಡ್ಯಾನ್ಸರ್’ ಬಂದಿತು. ಅದೇ ಬಪ್ಪಿಯವರು 1986ರಲ್ಲಿ ದ್ವಾರಕೀಶರ ‘ಆಫ್ರಿಕಾದಲ್ಲಿ ಶೀಲಾ’ ಎಂಬ ಕನ್ನಡ ಚಿತ್ರಕ್ಕೂ ಸಂಗೀತ ನೀಡಿದರು.

ಇದೆಲ್ಲ ಈಗ ಹೇಳುವ ಮಾತು. 1983ರ ಬೇಸಿಗೆಯಲ್ಲಿ ನಾನು ಧಾರವಾಡದಿಂದ ರಜೆಗೆ ಬಂದಿದ್ದೆ; ನವ್ಯಕಾವ್ಯವನ್ನು ಓದಿಕೊಂಡು ಅಗತ್ಯಕ್ಕಿಂತ ಹೆಚ್ಚು ಗಂಭೀರನಾಗಿದ್ದೆ. ತಮ್ಮ, ಕೂಡಿಟ್ಟ ದುಡ್ಡಿನಲ್ಲಿ ‘ಡಿಸ್ಕೊ ಡ್ಯಾನ್ಸರ್’ ಕ್ಯಾಸೆಟ್ ಕೊಂಡು, ನೆರೆಮನೆಯವರ ಟೇಪ್ ರೆಕಾರ್ಡರ್ ತಂದಿಟ್ಟುಕೊಂಡು ಪಡಸಾಲೆಯಲ್ಲಿ ಕುಣಿಯುತ್ತಿದ್ದ. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ‘ಇದೂ ಒಂದು ಸಂಗೀತವೇನೋ?’ ಎಂದು ಗದರಿ, ಕ್ಯಾಸೆಟ್ಟಿನ ಹೊಟ್ಟೆಯೊಳಗಿನ ಸುರುಳಿಯನ್ನೆಲ್ಲ ಹೊರಗೆಳೆದು ಅಂಗಳಕ್ಕೆ ಎಸೆದೆ.

1979ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಡಿಸ್ಕೊ ದ್ವೇಷಿಗಳು ಧ್ವನಿಮುದ್ರಿಕೆಗಳ ರಾಶಿಯೊಂದನ್ನು ಆಟದ ಮೈದಾನದಲ್ಲಿ ಸಿಡಿಸಿದರಂತೆ. ಈ ಸಂಗತಿಯನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದಾಗ ನನ್ನ ಕೈಯನ್ನೇ ನೋಡಿಕೊಂಡೆ.

ತಮ್ಮ ಅಂದು ಅಳಲಿಲ್ಲ, ಎದುರಾಡಲೂ ಇಲ್ಲ. ಸುರುಳಿಯನ್ನು ಆಯ್ದು ತಂದು, ಕ್ಯಾಸೆಟ್ಟಿನ ಹಲ್ಲುಗಾಲಿಗೆ ಪೆನ್ಸಿಲ್ ತೂರಿಸಿ, ರಾತ್ರಿ ಬಹಳ ಹೊತ್ತು ಸುತ್ತಿದ. ಹಾಡು ಉಳಿಯಿತು. ಪಟ್ಟಿ ಸುಕ್ಕಾದ ಒಂದು ಕಡೆ ಮಾತ್ರ ದನಿ ತೊದಲುತ್ತಿತ್ತು. ಆದರೆ ಅವನು ಮತ್ತೆ ಕುಣಿದದ್ದನ್ನು ನಾನು ಕಾಣಲಿಲ್ಲ.

ಆ ಹಾಡು ರಸಮಂಜರಿಯಲ್ಲಿ ಬಂದಾಗ ಬಯಲೆಲ್ಲ ಎದ್ದು ನಿಂತಿತು. ನೆರೆತ ತಲೆಗಳು ತೂಗಿದವು. ಹೆಗಲ ಮೇಲಿದ್ದ ವಲ್ಲಿಗಳು ಗಾಳಿಗೆ ಹಾರಿದವು. ತಮ್ಮ ಮಾತ್ರ ಕುರ್ಚಿಯಲ್ಲೇ ಕುಳಿತಿದ್ದ. ಪಾದ ತಾಳ ಹಾಕುತ್ತಿತ್ತು. ‘ಹೋಗೋ, ನಾಲ್ಕು ಹೆಜ್ಜೆ ಹಾಕಿ ಬಾ’ ಎಂದೆ. ಅವನು ಮೊಣಕಾಲು ಸವರಿಕೊಂಡು ನಕ್ಕ. ‘ಆಗ ಕಾಲಿದ್ವು, ಅಪ್ಪಣಿ ಇದ್ದಿಲ್ಲ, ಈಗ ಅಪ್ಪಣಿ ಐತಿ, ಕಾಲಿಲ್ಲಣ್ಣಾ.’

ಅದರಲ್ಲಿ ಕಹಿಯಿರಲಿಲ್ಲ. ನಾನೂ ನಗಲು ನೋಡಿದೆ.

ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಅವನು ಅದೇ ಹಾಡನ್ನು ಗುನುಗುತ್ತಿದ್ದ. ವೇದಿಕೆಯ ಗಾಯಕ ಎಲ್ಲಿಯೂ ತಡವರಿಸದೆ ಹಾಡಿದ್ದ. ಇವನು ಒಂದು ಕಡೆ ತೊದಲಿ ಮುಂದೆ ಹೋದ. ಕ್ಯಾಸೆಟ್ಟು ಕಲಿಸಿದಂತೆಯೇ ಅವನಿಗೆ ಬಾಯಿಪಾಠವಾಗಿತ್ತು. ಆ ತೊದಲು ಎಲ್ಲಿಂದ ಬಂದದ್ದೆಂಬುದನ್ನು ಅವನು ಮರೆತಿರಬಹುದು, ನಾನು ಮರೆಯುವಂತಿಲ್ಲ.

ಆ ಹಾಡು ಶ್ರೇಷ್ಠ ಸಂಗೀತವೆಂದು ನಾನು ಇಂದಿಗೂ ಹೇಳಲಾರೆ. ಅಭಿರುಚಿ ಬೇಕು, ಒಳ್ಳೆಯದು ಯಾವುದು, ಅಲ್ಲದ್ದು ಯಾವುದು ಎಂಬ ವಿವೇಚನೆಯೂ ಬೇಕು. ಆದರೆ ಹಾಡನ್ನು ತೂಗುವ ತಕ್ಕಡಿಯಲ್ಲಿ, ಕುಣಿಯುತ್ತಿದ್ದ ಹುಡುಗನನ್ನೂ ಇಟ್ಟು ತೂಗಿದೆನಲ್ಲ, ಅದು ತಪ್ಪು. ನಿಮ್ಮ ಮನೆಯ ಪಡಸಾಲೆಯಲ್ಲಿ ಇಂದು ನಿಮಗೆ ಒಗ್ಗದ ಹಾಡೊಂದಕ್ಕೆ ಯಾರಾದರೂ ಕುಣಿಯುತ್ತಿದ್ದರೆ, ಹಾಡು ಮುಗಿಯುವವರೆಗಾದರೂ ಸುಮ್ಮನಿರಿ ಎಂದಷ್ಟೇ ನನ್ನ ಪ್ರಾರ್ಥನೆ.