ಕೆನೆ, ಚೀಸ್, ಒಂದು ಕೆಜಿ ಆಲೂಗಡ್ಡೆ ಮತ್ತು ಅಪ್ಪನ ಲೆಕ್ಕದ ನೋಟ್‌ಬುಕ್

ಹೋದ ಸಂಚಿಕೆಯಲ್ಲಿ ಇಎಂಐ ಬಗ್ಗೆ ಮಾತಾಡಿ ನಿಮ್ಮೆಲ್ಲರ ತಲೆ ಬಿಸಿ ಮಾಡಿದ್ದೆ. ಈ ವಾರ ಅಡುಗೆಮನೆಗೆ ಹೋಗೋಣ. ಆದ್ರೆ ನಾನು ಬಿ.ಕಾಂ ಓದಿದವಳು, ಲೆಕ್ಕ ಬಿಟ್ಟು ಬಾಯಿ ಬಿಡೋಕೆ ಬರಲ್ಲ. ಸ್ವಲ್ಪ ಹೊತ್ತಾದ ಮೇಲೆ ಲೆಕ್ಕ ಬಂದೇ ಬರುತ್ತೆ, ಸಹಿಸಿಕೊಳ್ಳಿ.

ಇವತ್ತಿನ ವಿಷಯ ಆಲೂಗಡ್ಡೆ ಗ್ರಾಟಿನ್. ತೆಳ್ಳಗೆ ಬಿಲ್ಲೆ ಮಾಡಿದ ಆಲೂಗಡ್ಡೆಯನ್ನ ಹಾಲು, ಕ್ರೀಮ್‌ನಲ್ಲಿ ಬೇಯಿಸಿ, ಮೇಲೆ ಚೀಸ್ ಉದುರಿಸಿ, ಓವನ್‌ನಲ್ಲಿಟ್ಟು ಕೆಂಪಗೆ ಮಾಡ್ತಾರಲ್ಲ, ಅದು. ರೀಲ್ಸ್‌ನಲ್ಲಿ ಚಮಚ ಹಾಕಿ ಎತ್ತಿದಾಗ ದಾರ ದಾರ ಬರುತ್ತೆ, ನೀವೂ ನೋಡಿರ್ತೀರಿ. ಇದು ಊಟದ ಮುಖ್ಯ ಐಟಂ ಅಲ್ಲ, ಸೈಡ್ ಡಿಶ್. ನಮ್ಮ ಭಾಷೆಯಲ್ಲಿ ನೆಂಚಿಕೊಳ್ಳೋಕೆ.

ಹುಟ್ಟಿದ್ದು ಫ್ರಾನ್ಸ್‌ನ ಆಗ್ನೇಯ ಮೂಲೆಯಲ್ಲಿ, ಆಲ್ಪ್ಸ್ ಬೆಟ್ಟದ ಕಡೆಗಿರೋ ದೋಫಿನೆ ಅನ್ನೋ ಪ್ರಾಂತ್ಯದಲ್ಲಿ. ಅದಕ್ಕೇ ಅಲ್ಲಿ ಇದರ ಹೆಸರು ಗ್ರಾತಾಂ ದೋಫಿನ್ವಾ. ಹೆಸರು ಮೊದಲು ದಾಖಲಾಗಿದ್ದು 1788ರ ಜುಲೈ 12ರಂದು. ಆ ಪ್ರಾಂತ್ಯದ ಸೇನಾಧಿಕಾರಿಯಾಗಿದ್ದ ಕ್ಲೆರ್ಮೊಂ-ತೊನೇರ್‌ನ ಡ್ಯೂಕ್, ಗಾಪ್ ಅನ್ನೋ ಊರಿನ ನಗರಸಭೆಯವರಿಗೆ ಒಂದು ಊಟ ಹಾಕಿದ. ಆ ಊಟದಲ್ಲಿ ಇದೂ ಇತ್ತು. ಮುಂದಿನ ವರ್ಷವೇ ಫ್ರಾನ್ಸ್‌ನಲ್ಲಿ ಕ್ರಾಂತಿ. ಡ್ಯೂಕ್‌ಗಳ ಕಾಲ ಮುಗೀತು, ಗ್ರಾಟಿನ್ ಉಳೀತು.

ಗ್ರಾಟಿನ್ ಅನ್ನೋ ಪದ ಬಂದಿರೋದು ಕೆರೆಯೋದು ಅನ್ನೋ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. ಪಾತ್ರೆಗೆ ಅಂಟಿಕೊಂಡು ಗರಿಗರಿಯಾದದ್ದನ್ನ ಕೆರೆದು ತಿನ್ನೋದು. ಇದನ್ನ ಓದಿದಾಗ ನನಗೆ ನಗು ಬಂತು. ಬೆಣ್ಣೆ ಕಾಸಿದ ಪಾತ್ರೆ ತಳದ ಗಸಿಗೆ ಅನ್ನ ಕಲಸಿ ತಿನ್ನೋಕೆ ನಾನು, ನನ್ನ ತಮ್ಮ ಜಗಳ ಆಡಿದವರು. ಡ್ಯೂಕ್ ಮನೆಯಲ್ಲೂ ಕೊನೆಗೆ ರುಚಿ ಇದ್ದದ್ದು ಪಾತ್ರೆ ಕೆರೆಯೋದರಲ್ಲೇ!

ಇನ್ನೊಂದು ವಿಷಯ. ಮೂಲ ದೋಫಿನ್ವಾದಲ್ಲಿ ಚೀಸೇ ಇಲ್ಲ ಅಂತ ಅಲ್ಲಿಯ ಸಂಪ್ರದಾಯಸ್ಥರು ಹೇಳ್ತಾರೆ. ಬರೀ ಆಲೂಗಡ್ಡೆ, ಹಾಲು ಇಲ್ಲಾ ಕೆನೆ, ಬೆಳ್ಳುಳ್ಳಿ. ಚೀಸ್ ಹಾಕಿದ್ರೆ ಅದು ಪಕ್ಕದ ಸವೊಯ್ ಪ್ರಾಂತ್ಯದ್ದು ಅಂತ ವಾದ. ಆದ್ರೆ ಎಸ್ಕೋಫಿಯೆ ಅನ್ನೋ ಮಹಾ ಬಾಣಸಿಗ 1903ರ ತನ್ನ ಪುಸ್ತಕದಲ್ಲಿ ಇದಕ್ಕೆ ಚೀಸೂ ಹಾಕಿದ, ಮೊಟ್ಟೆಯನ್ನೂ ಹಾಕಿದ. ಬಿಸಿಬೇಳೆಬಾತ್‌ಗೆ ತರಕಾರಿ ಹಾಕಬೇಕಾ ಬೇಡವಾ ಅಂತ ನಮ್ಮಲ್ಲಿ ನಡೆಯುತ್ತಲ್ಲ, ಅದೇ ಜಗಳ. ನಾನು ಚೀಸ್ ಪಾರ್ಟಿ. ಮೊಟ್ಟೆ ಬೇಡ.

ಸರಿ, ಈಗ ನನ್ನ ಕಥೆ. ಮೊದಲನೇ ಸಲ ಮಾಡಿದಾಗ ಪೂರ್ತಿ ಕೆಟ್ಟೋಯ್ತು. ಬಿಲ್ಲೆಗಳನ್ನ ಚಿಪ್ಸ್‌ಗೆ ತೊಳೀತೀವಲ್ಲ ಹಾಗೆ ಮೂರು ನೀರಲ್ಲಿ ತೊಳೆದೆ. ಫ್ರಿಜ್‌ನಲ್ಲಿದ್ದ ಟೋನ್ಡ್ ಹಾಲು ಸುರಿದೆ. ಬೇಗ ಆಗ್ಲಿ ಅಂತ ಓಟಿಜಿಯನ್ನ 220 ಡಿಗ್ರಿಗೆ ತಿರುಗಿಸಿದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ಮೇಲೆ ಚೀಸ್ ಕರಕಲು, ನಡುವೆ ಆಲೂಗಡ್ಡೆ ಹಸಿ, ಕೆಳಗೆ ಒಡೆದ ಹಾಲಿನ ನೀರು. ಪನೀರ್ ಮಾಡೋಕೆ ಹೊರಟಿದ್ರೆ ಯಶಸ್ವಿ ಆಗಿರ್ತಿತ್ತು. (ನಗು)

ಯಾಕೆ ಹೀಗಾಯ್ತು ಅಂತ ಆಮೇಲೆ ಕೂತು ತಿಳಿದುಕೊಂಡೆ. ಆಲೂಗಡ್ಡೆ ಕೊಯ್ದಾಗ ಕೈಗೆ ಅಂಟುತ್ತಲ್ಲ ಬಿಳಿ ರಸ, ಅದು ಪಿಷ್ಟ. ಹಾಲನ್ನ ಸಾಸ್ ತರ ಗಟ್ಟಿ ಮಾಡೋದು ಅದೇ. ಸುಮಾರು 60-70 ಡಿಗ್ರಿ ಬಿಸಿಯಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ರಾಗಿ ಗಂಜಿ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗೋದೂ ಹೀಗೇ. ನಾನು ಅದನ್ನೇ ಸಿಂಕ್‌ಗೆ ಚೆಲ್ಲಿದ್ದೆ. ಇನ್ನು ಹಾಲು. ಕೊಬ್ಬು ಕಮ್ಮಿ ಇರೋ ಹಾಲು ಜೋರು ಬಿಸಿಗೆ, ಉಪ್ಪಿಗೆ, ಆಲೂಗಡ್ಡೆಯ ತುಸು ಹುಳಿ ಗುಣಕ್ಕೆ ಬೇಗ ಒಡೆಯುತ್ತೆ. ಕೊಬ್ಬು ಹೆಚ್ಚಿದ್ರೆ ತಡೆದುಕೊಳ್ಳುತ್ತೆ. ಅದಕ್ಕೇ ಕ್ರೀಮ್ ಬೇಕು. ಬರೀ ರುಚಿಗಲ್ಲ.

ಈಗ ನಾನು ಮಾಡೋ ರೀತಿ ಹೇಳ್ತೀನಿ. ಒಂದು ಕೆಜಿ ಆಲೂಗಡ್ಡೆ, ಸಿಪ್ಪೆ ತೆಗೆದು ಮೊದಲೇ ತೊಳೆದುಕೊಳ್ಳಿ. ಕೊಯ್ದ ಮೇಲೆ ನೀರು ಮುಟ್ಟಿಸಬೇಡಿ. ಎರಡು ಮಿಲಿಮೀಟರ್ ದಪ್ಪ, ಅಂದ್ರೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದಪ್ಪ. ದಪ್ಪ ತಳದ ಪಾತ್ರೆಗೆ 400 ಎಂಎಲ್ ಫುಲ್ ಕ್ರೀಮ್ ಹಾಲು, ಆರು ಪರ್ಸೆಂಟ್ ಕೊಬ್ಬಿರುತ್ತಲ್ಲ ಅದು, ಜೊತೆಗೆ 250 ಎಂಎಲ್ ಪ್ಯಾಕೆಟ್ ಫ್ರೆಶ್ ಕ್ರೀಮ್. ಒಂದೂವರೆ ಟೀ ಚಮಚ ಉಪ್ಪು, ಮೆಣಸಿನ ಪುಡಿ. ಮೆಣಸು ಅಂದ್ರೆ ಕಾಳುಮೆಣಸು, ಖಾರದಪುಡಿ ಅಲ್ಲ. ಜಾಯಿಕಾಯಿ ತುರಿದರೆ ಎರಡು ಚಿಟಿಕೆ. ಶಿರಸಿ ಕಡೆಯವರಿಗೆ ತೋಟದಲ್ಲೇ ಸಿಗುತ್ತೆ, ಉಳಿದವರು ಒಂದು ಕಾಯಿ ತಂದಿಟ್ಟರೆ ವರ್ಷ ಬರುತ್ತೆ. ಬಿಲ್ಲೆಗಳನ್ನ ಇದಕ್ಕೆ ಹಾಕಿ, ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಮೆಲ್ಲಗೆ ಕೈಯಾಡಿಸಿ. ಹಾಲು ಮಂದ ಆಗೋದು ಕಣ್ಣಿಗೇ ಕಾಣುತ್ತೆ. ಈ ಒಂದು ಹಂತ ನನ್ನ ಎಲ್ಲಾ ಸಮಸ್ಯೆ ಬಗೆಹರಿಸ್ತು. ಬಿಲ್ಲೆ ಅರೆಬೆಂದಿರುತ್ತೆ, ಹಾಲು ಒಡೆಯೋ ಭಯ ಇಲ್ಲ.

ಬೇಕಿಂಗ್ ಡಿಶ್‌ಗೆ ಒಂದು ಎಸಳು ಬೆಳ್ಳುಳ್ಳಿ ಉಜ್ಜಿ, ಬೆಣ್ಣೆ ಸವರಿ, ಇದನ್ನ ಸುರಿದು ಸಮ ಮಾಡಿ. 180 ಡಿಗ್ರಿಯಲ್ಲಿ ಅರ್ಧ ಗಂಟೆ. ಆಮೇಲೆ ಹೊರಗೆ ತೆಗೆದು 120 ಗ್ರಾಂ ಚೀಸ್ ತುರಿದು ಹಾಕಿ, ಮತ್ತೆ ಹದಿನೈದು ನಿಮಿಷ. ಚಾಕು ಚುಚ್ಚಿದ್ರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು. ಫ್ರಾನ್ಸ್‌ನ ಕಡೆ ಗ್ರೂಯೇರ್ ತರದ ಗಟ್ಟಿ ಚೀಸ್ ಹಾಕ್ತಾರೆ, ಇಲ್ಲಿ ಅದರ ಬೆಲೆ ಕೇಳಿದ್ರೆ ಇಎಂಐ ಹಾಕಿಸಬೇಕು. ನಾನು ಅರ್ಧ ಮೊಝರೆಲ್ಲಾ, ಅರ್ಧ ಚೆಡ್ಡರ್ ಹಾಕ್ತೀನಿ. ದಾರಕ್ಕೆ ಮೊಝರೆಲ್ಲಾ, ರುಚಿಗೆ ಚೆಡ್ಡರ್. ಬರೀ ಮೊಝರೆಲ್ಲಾ ಹಾಕಿದ್ರೆ ರೀಲ್ಸ್‌ಗೆ ಚೆನ್ನಾಗಿರುತ್ತೆ, ಬಾಯಿಗೆ ಸಪ್ಪೆ. ಸಸ್ಯಾಹಾರಿಗಳು ಪಾರ್ಮೆಸಾನ್ ಕೊಳ್ಳೋ ಮುಂಚೆ ಒಮ್ಮೆ ಯೋಚಿಸಿ, ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಹೆಪ್ಪಾಗಿಸೋಕೆ ಕರುವಿನ ಹೊಟ್ಟೆಯ ರೆನೆಟ್ ಬಳಸ್ತಾರೆ.

ಓವನ್ ಇಲ್ಲದವರು ಕೇಕ್ ಮಾಡ್ತೀವಲ್ಲ ಹಾಗೆ, ಗ್ಯಾಸ್ಕೆಟ್, ವಿಷಲ್ ತೆಗೆದ ಕುಕ್ಕರ್‌ನಲ್ಲಿ ಸ್ಟ್ಯಾಂಡ್ ಇಟ್ಟು ಮಾಡಬಹುದು. ಬೇಯುತ್ತೆ. ಮೇಲೆ ಕೆಂಪಗಾಗಲ್ಲ, ಅಷ್ಟೇ. ಇನ್ನು ಮುಖ್ಯವಾದದ್ದು, ತೆಗೆದ ತಕ್ಷಣ ಬಡಿಸಬೇಡಿ. ಹದಿನೈದು ನಿಮಿಷ ಬಿಡಿ, ಸಾಸ್ ಕೂತ್ಕೊಳ್ಳುತ್ತೆ. ನಮ್ಮಂಥವರಿಗೆ ಇದೇ ಕಷ್ಟ.

ಈಗ ಲೆಕ್ಕ. ನಾನು ಮಾಡಿದ ದಿನ ಆಲೂಗಡ್ಡೆ 32 ರೂಪಾಯಿ. ಹಾಲು 28, ಕ್ರೀಮ್ 75, ಚೀಸ್ 78, ಬೆಣ್ಣೆ, ಬೆಳ್ಳುಳ್ಳಿ, ಜಾಯಿಕಾಯಿ ಎಲ್ಲಾ ಸೇರಿ ಹತ್ತು, ಕರೆಂಟ್ ಎಂಟು ರೂಪಾಯಿ ಅಂದ್ಕೊಳ್ಳೋಣ. ಒಟ್ಟು 231. ಆರು ಜನಕ್ಕೆ, ತಲೆಗೆ ಮೂವತ್ತೆಂಟು ಚಿಲ್ಲರೆ. ಹೋಟೆಲ್ ರೇಟ್‌ಗಿಂತ ಎಷ್ಟೋ ವಾಸಿ. ಇದನ್ನ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ, ಈ ಸಂಚಿಕೆಗೆ ಬೇಕಾಗುತ್ತೆ ಅಂತ. ಆ ಚೀಟಿಯನ್ನ ಅಪ್ಪ ಓದಿದ್ರು.

ಅಪ್ಪನ ಬಗ್ಗೆ ಹೇಳಬೇಕು. ನಮ್ಮದು ಹಾಸನ ಜಿಲ್ಲೆ. ಹಾಸನ ಅಂದ್ರೆ ಆಲೂಗಡ್ಡೆ, ಅದು ನಿಮಗೆಲ್ಲ ಗೊತ್ತು. ಮುಂಗಾರಿನ ಬೆಳೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತೆ. ಮೇ-ಜೂನ್‌ನಲ್ಲಿ ಅದನ್ನ ಕಣ್ಣು ನೋಡಿ ಹೋಳು ಮಾಡಿ ಬಿತ್ತುತ್ತಾರೆ. ಎಕರೆಗೆ ಹತ್ತು-ಹನ್ನೆರಡು ಮೂಟೆ. ನಮ್ಮಲ್ಲಿ ಹಾಕ್ತಿದ್ದದ್ದು ಕುಫ್ರಿ ಜ್ಯೋತಿ, ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಬಂದ ಹೊಸದರಲ್ಲಿ ಅಂಗಮಾರಿ ರೋಗವನ್ನ ತಡೆಯೋ ಶಕ್ತಿ ಅದಕ್ಕಿತ್ತು, ಬರಬರುತ್ತಾ ಹೋಯ್ತು. ಮೋಡ ಮುಚ್ಚಿ, ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದ್ರೆ ಸಾಕು. ಎಲೆ ಮೇಲೆ ನೀರು ನೆನೆದಂಥ ಕಪ್ಪು ಮಚ್ಚೆ, ಬೆಳಿಗ್ಗೆ ತಿರುಗಿಸಿ ನೋಡಿದ್ರೆ ಅಡಿಯಲ್ಲಿ ಬಿಳಿ ಬೂಷ್ಟು. ಒಂದು ವಾರದಲ್ಲಿ ಹೊಲವೇ ಸುಟ್ಟ ಹಾಗೆ. 1845ರಿಂದ ಐರ್ಲೆಂಡ್‌ನಲ್ಲಿ ಕ್ಷಾಮ ತಂದದ್ದೂ ಇದೇ ರೋಗ. ಅದಕ್ಕೊಂದು ವಾಸನೆ ಇದೆ. ಅದು ಗೊತ್ತಿದ್ದವರಿಗೆ ಮಾತ್ರ ಗೊತ್ತು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಹಾಗೆ ಆಯ್ತು. ಎರಡು ಎಕರೆಯಲ್ಲಿ ಅರ್ಧಕ್ಕರ್ಧ ಹೋಯ್ತು. ಉಳಿದದ್ದನ್ನ ಕಿತ್ತು ಮಾರಿದಾಗ ಕೆಜಿಗೆ ಸಿಕ್ಕಿದ್ದು ಏಳು ರೂಪಾಯಿ. ಆಗ ತಾನೇ ನಮಗೆ ಕಾಸ್ಟ್ ಅಕೌಂಟಿಂಗ್ ಶುರುವಾಗಿತ್ತು. ರಜೆಗೆ ಊರಿಗೆ ಹೋದವಳು ಒಂದು ನೋಟ್‌ಬುಕ್ ತಗೊಂಡು ಕೂತೆ. ಬಿತ್ತನೆ, ಗೊಬ್ಬರ, ಮ್ಯಾಂಕೋಜೆಬ್ ಔಷಧಿ, ಕೂಲಿ, ಲಾರಿ ಬಾಡಿಗೆ, ಎಲ್ಲಾ ಬರೆದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಪ್ಪ-ಅಮ್ಮ ಇಬ್ಬರ ಮೂರು ತಿಂಗಳ ದುಡಿಮೆಗೂ ದಿನಗೂಲಿ ಹಾಕಿದೆ. ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ರು, ಸ್ವಂತ ದುಡಿಮೆಯೂ ಖರ್ಚೇ ಅಂತ. ನಷ್ಟದ ಅಂಕಿ ದುಪ್ಪಟ್ಟಾಯ್ತು. ಅದನ್ನ ಅಪ್ಪನ ಮುಂದಿಟ್ಟು, ‘ಇದನ್ನ ಬಿಟ್ಟುಬಿಡಿ’ ಅಂದೆ. ತುಂಬಾ ಬುದ್ಧಿವಂತೆ ಥರ ಹೇಳಿದೆ. ಅಪ್ಪ ಅದನ್ನ ಎರಡು ಸಲ ಓದಿದ್ರು. ಏನೂ ಮಾತಾಡಲಿಲ್ಲ. ಮುಂದಿನ ವರ್ಷದಿಂದ ಆ ಹೊಲದಲ್ಲಿ ಮುಸುಕಿನ ಜೋಳ.

ಹೋದ ತಿಂಗಳು ಮಂಡಿನೋವು ತೋರಿಸೋಕೆ ಅಪ್ಪ ಬೆಂಗಳೂರಿಗೆ ಬಂದಿದ್ರು. ನಾನು ಗ್ರಾಟಿನ್ ಮಾಡ್ತೀನಿ ಅಂತ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದೆ. ಅಪ್ಪ ಒಂದು ಗೆಡ್ಡೆ ಎತ್ತಿ, ಹೆಬ್ಬೆರಳಿನ ಉಗುರಲ್ಲಿ ಸಿಪ್ಪೆ ಕೆರೆದು, ‘ಇದು ಕೋಲ್ಡ್ ಸ್ಟೋರೇಜ್ ಮಾಲು’ ಅಂದ್ರು. ಹೊಸ ಗೆಡ್ಡೆಯ ಸಿಪ್ಪೆ ಉಗುರಿಗೇ ಎದ್ದು ಬರುತ್ತಂತೆ. ಇದು ಸಿಹಿ ಇರುತ್ತೆ, ಬೇಗ ಕಪ್ಪಗೆ ಸೀಯುತ್ತೆ, ನಾಲ್ಕು ದಿನ ಹೊರಗೆ ಗಾಳಿಗೆ ಇಟ್ಟು ಆಮೇಲೆ ಮಾಡು ಅಂದ್ರು. ಇದು ನಿಜ, ತಣ್ಣಗಿಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತೆ. ನೀವೂ ಫ್ರಿಜ್‌ನಲ್ಲಿ ಇಡಬೇಡಿ. ಹಸಿರು ಬಣ್ಣ ತಿರುಗಿದ್ದ ಎರಡನ್ನ ಆರಿಸಿ ಪಕ್ಕಕ್ಕಿಟ್ರು, ಅದು ವಿಷ. ಆಮೇಲೆ ನನ್ನ ಕೈಯಿಂದ ಸ್ಲೈಸರ್ ಕಿತ್ತುಕೊಳ್ಳದೆ, ಚಾಕುವಿನಲ್ಲೇ ಕೊಯ್ಯೋಕೆ ಶುರು ಮಾಡಿದ್ರು. ಬಿತ್ತನೆ ಕೊಯ್ದ ಕೈ ಅದು. ಒಂದೊಂದು ಬಿಲ್ಲೆಯೂ ಅಳೆದ ಹಾಗೆ. ಇಷ್ಟು ವರ್ಷದ ಮೇಲೆ ಅವರ ಕೈಯಲ್ಲಿ ಆಲೂಗಡ್ಡೆ ನೋಡಿದ್ದು ಆವತ್ತೇ.

ಓವನ್‌ನಲ್ಲಿ ಬೇಯ್ತಾ ಇರೋವಾಗ ಫ್ರಿಜ್ ಮೇಲಿನ ಚೀಟಿ ಓದಿದ್ರು. ‘231ರಲ್ಲಿ ಆಲೂಗಡ್ಡೆಗೆ 32’ ಅಂದ್ರು. ಹೆಸರು ಆಲೂಗಡ್ಡೆಯದು, ದುಡ್ಡು ಕ್ರೀಮ್‌ದು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ನೋಟ್‌ಬುಕ್ ವಿಷಯ ತೆಗೆದೆ. ಆವತ್ತು ಹಾಗೆ ಹೇಳಬಾರದಿತ್ತೇನೋ ಅಂದೆ. ಅಪ್ಪ, ‘ಲೆಕ್ಕ ಸರಿಯಾಗೇ ಇತ್ತು’ ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು, ‘ಜೋಳದ್ದು ಯಾವಾಗ ಬರೀತೀಯ?’

ಬರೆದೇ ಇಲ್ಲ. ಒಂದು ಸಲವೂ ಇಲ್ಲ. ಆಲೂಗಡ್ಡೆ ನಷ್ಟ ಅಂತ ತೋರಿಸಿ ಕೆಲಸ ಮುಗೀತು ಅಂತ ಬಂದುಬಿಟ್ಟಿದ್ದೆ. ಅದರ ಬದಲು ಬಂದದ್ದಕ್ಕೆ ಅದೇ ರೀತಿ ದಿನಗೂಲಿ ಹಾಕಿದ್ರೆ ಎಷ್ಟು ಬರುತ್ತೆ ಅಂತ ನೋಡೋ ಯೋಚನೆಯೇ ಬಂದಿರಲಿಲ್ಲ.

ಗ್ರಾಟಿನ್‌ನ ಅಪ್ಪ ಅನ್ನ, ಬಸ್ಸಾರಿನ ಜೊತೆ ತಿಂದ್ರು. ಫ್ರೆಂಚರು ಕುರಿಯ ತೊಡೆಯ ರೋಸ್ಟ್ ಜೊತೆ ತಿನ್ನೋದನ್ನ. ನಾನು ಹೇಳ್ತೀನಿ, ಹುರುಳಿ ಬಸ್ಸಾರಿನ ಖಾರಕ್ಕೆ ಈ ಕೆನೆ ಚೆನ್ನಾಗಿ ಹೊಂದುತ್ತೆ, ಮಾಡಿ ನೋಡಿ. ಜಾಯಿಕಾಯಿ ಜಾಸ್ತಿ ಆಯ್ತು, ಔಷಧಿ ವಾಸನೆ ಅಂದ್ರು. ಆದ್ರೆ ಎಲ್ಲರದ್ದೂ ಮುಗಿದ ಮೇಲೆ ಡಿಶ್‌ನ ಹತ್ತಿರ ಎಳೆದುಕೊಂಡು, ಮೂಲೆಯಲ್ಲಿ ಅಂಟಿದ್ದ ಕಂದು ಚೀಸನ್ನ ಚಮಚದಲ್ಲಿ ಕೆರೆದು ತಿಂತಾ ಇದ್ರು. ಹಾಗೆ ತಿಂತಾನೇ, ಈ ವರ್ಷ ಬಿತ್ತನೆ ಮೂಟೆಗೆ ಎಷ್ಟಿದೆಯಂತೆ, ಫೋನ್‌ನಲ್ಲಿ ಸಿಗುತ್ತಾ ನೋಡು ಅಂದ್ರು. ಹುಡುಕಿ ಹೇಳಿದೆ. ‘ಹ್ಞೂಂ’ ಅಂದ್ರು. ಅಷ್ಟೇ.

ಮುಂದಿನ ವಾರ ಊರಿಗೆ ಹೋಗ್ತಾ ಇದ್ದೀನಿ, ನೋಟ್‌ಬುಕ್ ತಗೊಂಡು. ಹಾಗಾಗಿ ಮುಂದಿನ ಸಂಚಿಕೆ ಒಂದೆರಡು ದಿನ ತಡ ಆಗಬಹುದು. ಗ್ರಾಟಿನ್ ಮಾಡಿದವರು ಹೇಗೆ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಹಾಲು ಒಡೆದ್ರೂ ಕಳಿಸಿ, ನಾಚಿಕೆ ಬೇಡ. ಬರ್ತೀನಿ.