ಲೆಕ್ಕ ಕೇಳುವವರು ಬರುವ ಮುನ್ನ



ಬಾಳಿನ ಬಹುಭಾಗ ಕನ್ನಡ ಪಾಠ ಹೇಳಿದವನು ಲೆಕ್ಕಪರಿಶೋಧನೆಯನ್ನು ಕುರಿತು ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ನಾನು ವಿದ್ಯಾರ್ಥಿಗಳಿಗೆ ಕಲಿಸಿದ್ದು ಷಟ್ಪದಿಯ ಮಾತ್ರೆಗಳನ್ನು ಎಣಿಸುವುದನ್ನೇ ಹೊರತು ರೂಪಾಯಿಗಳನ್ನು ಎಣಿಸುವುದನ್ನಲ್ಲ. ಆದರೆ ನಿವೃತ್ತನಾದ ಮೇಲೆ ಅರಸೀಕೆರೆಯ ಸಣ್ಣದೊಂದು ಸಾಹಿತ್ಯ ಸಂಘದ ಕಾರ್ಯದರ್ಶಿಯ ಹೊಣೆ ನನ್ನ ಹೆಗಲೇರಿತು. ನೋಂದಣಿಯಾದ ಸಂಘ, ಮಾರ್ಚ್ 31ಕ್ಕೆ ವರ್ಷ ಮುಗಿದೊಡನೆ ಲೆಕ್ಕ ತೋರಿಸಬೇಕು, ಪರಿಶೋಧಕರ ವರದಿಯನ್ನು ಸರ್ವಸದಸ್ಯರ ಸಭೆಯ ಮುಂದಿಡಬೇಕು. ನಮ್ಮಂಥವರ ಸಂಘಗಳಲ್ಲಿ ಈ ಕೆಲಸ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಂತೆ ನಡೆದುಹೋಗುವುದೇ ವಾಡಿಕೆ. ನಮ್ಮಲ್ಲಿಯೂ ಹಾಗೆಯೇ ನಡೆಯುತ್ತಿತ್ತು. ಅದರ ಬೆಲೆಯನ್ನು ತೆತ್ತವನು ಮಾತ್ರ ನಾನಲ್ಲ, ಇನ್ನೊಬ್ಬರು.

‘ಆಡಿಟ್’ ಎಂಬ ಮಾತು ಲ್ಯಾಟಿನ್ ಭಾಷೆಯ ‘ಕೇಳು’ ಎಂಬರ್ಥದ ಧಾತುವಿನಿಂದ ಬಂದುದು. ಹಿಂದೆ ಲೆಕ್ಕವನ್ನು ಒಬ್ಬನು ಗಟ್ಟಿಯಾಗಿ ಓದುವುದು, ಇನ್ನೊಬ್ಬನು ಕುಳಿತು ಕೇಳುವುದು ಪಾಶ್ಚಾತ್ಯರ ಪದ್ಧತಿಯಾಗಿತ್ತು. ಕನ್ನಡದಲ್ಲಂತೂ ‘ಕೇಳು’ ಎಂದರೆ ಕಿವಿಗೊಡು ಎಂಬ ಅರ್ಥವೂ ಉಂಟು, ಪ್ರಶ್ನಿಸು ಎಂಬ ಅರ್ಥವೂ ಉಂಟು. ‘ಲೆಕ್ಕ ಕೇಳುವುದು’ ಎಂದಾಗ ನಮಗೆ ಎರಡನೆಯ ಅರ್ಥವೇ ಹೊಳೆದು ಎದೆ ಡವಗುಟ್ಟುತ್ತದೆ. ಮೊದಲನೆಯ ಅರ್ಥವನ್ನು ಮರೆತುಬಿಡುತ್ತೇವೆ. ನಿಮ್ಮ ಮಾತಿಗೆ ಕಿವಿಗೊಡಲೆಂದೇ ಒಬ್ಬರು ಬರುತ್ತಾರೆ. ಹೇಳಲು ನಿಮ್ಮ ಬಳಿ ಏನಿದೆ ಎಂಬುದಷ್ಟೇ ಪ್ರಶ್ನೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವಷ್ಟೆ. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ. ಹೊರಊರುಗಳಿಂದ ಬಂದ ಕವಿಗಳು, ಇಷ್ಟು ದೂರ ಬಂದು ಬೇಲೂರು ಹಳೇಬೀಡುಗಳನ್ನು ನೋಡದೆ ಹೋಗುವುದೆಂತು ಎಂದರು. ವ್ಯಾನೊಂದನ್ನು ಗೊತ್ತುಮಾಡಿಕೊಂಡು ಹೊರಟೆವು. ಹಳೇಬೀಡಿನಲ್ಲಿ ಎಳನೀರು, ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರಿನಲ್ಲಿ ಊಟ, ಗೈಡಿನ ಸಂಭಾವನೆ, ಸಂಜೆ ವ್ಯಾನಿನ ಬಾಡಿಗೆ. ನಮ್ಮ ಕೋಶಾಧಿಕಾರಿಗಳು ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರು. ಎಲ್ಲ ಕಡೆಯೂ ಹಣ ಕೊಟ್ಟವರು ಅವರೇ. ಚಾಲಕನಿಂದ ಒಂದು ಚೀಟಿ ಬರೆಸಿಕೊಳ್ಳಲೆಂದು ಅವರು ಜೇಬಿನಿಂದ ಕಾಗದ ತೆಗೆದಾಗ, “ಬಿಡಿ ಮೇಷ್ಟ್ರೇ, ಹೊತ್ತಾಯಿತು, ಆಮೇಲೆ ಬರೆದುಕೊಂಡರಾಯಿತು” ಎಂದವನು ನಾನು. ಪ್ರವಾಸಕ್ಕೆ ಒಪ್ಪಿಗೆ ಕೊಟ್ಟವನೂ ನಾನೇ, ಅದೂ ಬಾಯಿಮಾತಿನಲ್ಲಿ.

ಆ ದಿನ ಬೇಲೂರಿನ ಗುಡಿಯಲ್ಲಿ ನಾನು ಕವಿಗಳಿಗೆ ಶಾಸನಗಳ ವಿಷಯ ಹೇಳುತ್ತಿದ್ದೆ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದನು. ಅಂದಿನ ದತ್ತಿಶಾಸನಗಳನ್ನು ನಾವು ಭಾಷೆಗಾಗಿ, ಅರಸರ ವಂಶಾವಳಿಗಾಗಿ ಓದುತ್ತೇವೆ. ಅವುಗಳ ಕೊನೆಯ ಭಾಗವನ್ನು ನೋಡಿ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಯಾವ ಊರಿನ ಭೂಮಿ, ಅದರ ನಾಲ್ಕು ಎಲ್ಲೆಗಳು ಯಾವುವು, ನಂದಾದೀವಿಗೆಗೆ ಎಷ್ಟು, ನೈವೇದ್ಯಕ್ಕೆ ಎಷ್ಟು, ಗದ್ಯಾಣವೆಷ್ಟು, ಪಣವೆಷ್ಟು. ಬರೆದ ಸೇನಬೋವನ ಹೆಸರು, ಕಂಡರಿಸಿದವನ ಹೆಸರು ಎಷ್ಟೋ ಕಡೆ ಉಂಟು. ಇಂದಿನ ಲೆಕ್ಕಪರಿಶೋಧಕರು ಒಂದು ಓಚರಿನಲ್ಲಿ ಹುಡುಕುವುದೂ ಇಷ್ಟನ್ನೇ. ಹೀಗೆಲ್ಲ ವಿವರಿಸುತ್ತಿದ್ದ ಪ್ರಾಧ್ಯಾಪಕನೇ ಅಂದು ಸಂಜೆ ವ್ಯಾನಿನವನ ಸಹಿ ಬೇಡವೆಂದದ್ದು!

ಲೆಕ್ಕ ನೋಡುವ ದಿನ ಬಂತು. 7,400 ರೂಪಾಯಿಗೆ ಚೀಟಿಯಿಲ್ಲ, ಮಂಜೂರಾತಿಯ ನಿರ್ಣಯವೂ ಇಲ್ಲ. ಪರಿಶೋಧಕರು ಒರಟಾಗಿ ಏನೂ ಆಡಲಿಲ್ಲ. ಕಂಡದ್ದನ್ನು ಎರಡು ಸಾಲಿನಲ್ಲಿ ಬರೆದರು. ಒರಟು ಮಾತು ಬಂದದ್ದು ನಮ್ಮ ಕಾರ್ಯಕಾರಿ ಸಮಿತಿಯಿಂದ. “ಮೇಷ್ಟ್ರ ಕೈಯಲ್ಲಿ ದುಡ್ಡು ಎಲ್ಲಿಗೆ ಹೋಯಿತು?” ಎಂದು ಒಬ್ಬರು ನಕ್ಕು ಕೇಳಿದರು. ನಾನೇ ಹೇಳಿದ್ದೆನೆಂದು ನಾನು ಹೇಳಿದೆ. “ಯಾವ ನಡವಳಿಯಲ್ಲಿದೆ?” ಎಂಬ ಪ್ರಶ್ನೆ ಬಂತು. ಯಾವುದರಲ್ಲಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆಗೆ ಬಂದು, 7,400 ರೂಪಾಯಿಗಳನ್ನು ಮೇಜಿನ ಮೇಲಿಟ್ಟು, “ಇದನ್ನು ಜಮಾ ಮಾಡಿಕೊಂಡು ರಸೀದಿ ಕೊಡಿ” ಎಂದರು. ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ರಸೀದಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೋದವರು ಮತ್ತೆ ಸಂಘದ ಕಡೆ ಬರಲಿಲ್ಲ.

ಅವರ ಸ್ಥಾನಕ್ಕೆ ಬರಲು ಯಾರೂ ಒಪ್ಪದೆ, ಆ ಕೆಲಸವೂ ನನಗೇ ಬಂತು. ಕಲಿಯಲು ನಾನು ಹೋದದ್ದು ಕೊಬ್ಬರಿ ಮಂಡಿಯಲ್ಲಿ ಬಹುಕಾಲ ಲೆಕ್ಕ ಬರೆದ ವೃದ್ಧರೊಬ್ಬರ ಬಳಿಗೆ. ಅವರು ಹೇಳಿದ ಮೊದಲ ಮಾತು: “ಸಾರ್, ಮಾರ್ಚಿ ತಿಂಗಳಲ್ಲಿ ಲೆಕ್ಕ ಬರೆಯುವವನು ಕಥೆ ಬರೆಯುತ್ತಾನೆ.” ಕಥೆಗಾರರ ಬಗ್ಗೆ ಅವರಿಗಿದ್ದ ಅಭಿಪ್ರಾಯ ನನಗೆ ಸ್ವಲ್ಪ ನೋವುಂಟುಮಾಡಿತಾದರೂ ಮಾತು ನಿಜ. ಅಂದಿನ ಜಮಾ ಖರ್ಚನ್ನು ಅಂದೇ ನಗದು ಪುಸ್ತಕಕ್ಕೆ ಏರಿಸಬೇಕು. ಪುಸ್ತಕದ ಶಿಲ್ಕನ್ನೂ ಪೆಟ್ಟಿಗೆಯ ಹಣವನ್ನೂ ಅಂದೇ ತಾಳೆ ನೋಡಬೇಕು. ಎಳನೀರಿನವನು ಬಿಲ್ಲು ಕೊಡುವುದಿಲ್ಲ, ಹೂವಿನವಳೂ ಕೊಡುವುದಿಲ್ಲ. ಅದಕ್ಕೆ ಬಿಳಿಯ ಹಾಳೆಯಲ್ಲಿ ನಾವೇ ಓಚರು ಬರೆದು, ದಿನಾಂಕ, ಕಾರಣ, ಮೊತ್ತ ಕಾಣಿಸಿ, ಹಣ ಪಡೆದವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಕ್ರಮಸಂಖ್ಯೆ ಹಾಕಿದರೆ ಅದೂ ಸಾಕ್ಷಿಯೇ. ರಸೀದಿಯ ಮೊತ್ತ 5,000 ರೂಪಾಯಿ ಮೀರಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಸಂಘದ ಹಣಕ್ಕೂ ಸ್ವಂತ ಹಣಕ್ಕೂ ಒಂದೇ ಜೇಬು ಕೂಡದು.

ಈ ಕೊನೆಯ ಮಾತು ಈಗ ಇನ್ನೂ ಕಷ್ಟವಾಗಿದೆ. ಚಂದಾ ಕೊಡುವವರು ಮೊಬೈಲಿನಿಂದ ಕಳುಹಿಸುತ್ತಾರೆ. ಅದು ಕೋಶಾಧಿಕಾರಿಯ ಸ್ವಂತ ಖಾತೆಗೆ ಬಂದು, ಅವರ ಮನೆಯ ಹಾಲಿನ ಬಾಕಿಯೊಡನೆ ಬೆರೆತುಹೋಗುತ್ತದೆ. ಸಂಘದ ಹೆಸರಿನ ಬ್ಯಾಂಕ್ ಖಾತೆಗೇ ಹಣ ಬರುವಂತೆ ಮಾಡಿಸಿಕೊಳ್ಳಲು ಅರ್ಧ ದಿನ ಸಾಕು. ಆ ಅರ್ಧ ದಿನ ನಮಗೆ ಎರಡು ವರ್ಷ ಸಿಕ್ಕಿರಲಿಲ್ಲ.

ತಪ್ಪು ಬಿದ್ದ ಅಂಕಿಯನ್ನು ಕೆರೆದು ತಿದ್ದಬಾರದೆಂಬುದನ್ನೂ ಅವರೇ ಹೇಳಿದರು. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಆಗ ನನಗೆ ನೆನಪಾದದ್ದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಮಾಡಿ, ನಮ್ಮ ಹಿರಿಯರು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಒರೆಸಿದರೆ ಹೋಗುವ ಬರಹ. ಹಾಗಿದ್ದರೂ ಶೃಂಗೇರಿ ಮಠದ ಕಡತಗಳು ಉಳಿದು ಬಂದು ಚರಿತ್ರಕಾರರಿಗೆ ಆಕರಗಳಾಗಿವೆ. ಹೊಯ್ಸಳರ ಗುಡಿಗಳನ್ನು ಕಟ್ಟಿರುವುದೂ ಬಳಪದ ಕಲ್ಲಿನಿಂದಲೇ. ಒಂದೇ ಜಾತಿಯ ಕಲ್ಲು ಒಂದು ಕಡೆ ಮದನಿಕೆಯಾಯಿತು, ಇನ್ನೊಂದು ಕಡೆ ಶ್ಯಾನುಭೋಗರ ಲೇಖನಿಯಾಯಿತು. ಬರೆದವನು ಒರೆಸಬಾರದೆಂಬ ಕಟ್ಟು ಬಟ್ಟೆಯಲ್ಲಿರಲಿಲ್ಲ, ಬರೆದವನಲ್ಲಿತ್ತು.

ಸಹಕಾರ ಸಂಘಗಳ ಹಿರಿಯರಿಗೆ ಇದೆಲ್ಲ ಹೊಸದಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರ ಸಹಕಾರ ಸಂಘ ಹುಟ್ಟಿದಾಗಲೇ, ಹಿಂದಿನ ವರ್ಷದ ಕಾಯಿದೆ ವಾರ್ಷಿಕ ತಪಾಸಣೆಯನ್ನು ಕಡ್ಡಾಯ ಮಾಡಿತ್ತು. ಸಾಹಿತಿಗಳಾದ ನಾವು ಮಾತ್ರ, ನಮ್ಮ ಪ್ರಾಮಾಣಿಕತೆಗೆ ಚೀಟಿ ಏಕೆ ಬೇಕು ಎಂಬ ಬಿಂಕದಲ್ಲಿರುತ್ತೇವೆ. ಅಪ್ರಾಮಾಣಿಕನು ಹೇಗಾದರೂ ಒಂದು ಚೀಟಿ ಹುಟ್ಟಿಸಿಕೊಂಡಾನು. ಚೀಟಿಯಿಲ್ಲದೆ ಬೀದಿಗೆ ಬೀಳುವವನು ಪ್ರಾಮಾಣಿಕನೇ.

ಪರಿಶೋಧಕರು ಬರುವ ಮುನ್ನ ಜೋಡಿಸಿಡಬೇಕಾದುವು ಹೆಚ್ಚೇನಿಲ್ಲ. ನಗದು ಪುಸ್ತಕ, ಖಾತೆ ಪುಸ್ತಕ, ಕ್ರಮಸಂಖ್ಯೆಯಂತೆ ಪೋಣಿಸಿದ ಓಚರುಗಳು, ನಡವಳಿ ಪುಸ್ತಕ. ಬಳಸಿದ ರಸೀದಿ ಪುಸ್ತಕಗಳ ಜೊತೆಗೆ ಬಳಸದೆ ಉಳಿದುವೂ ಇರಬೇಕು, ಏಕೆಂದರೆ ಕಾಣೆಯಾದ ಖಾಲಿ ರಸೀದಿಯೇ ಹೆಚ್ಚು ಅಪಾಯ. ಬ್ಯಾಂಕಿನ ಶಿಲ್ಕಿಗೂ ನಮ್ಮ ಪುಸ್ತಕದ ಶಿಲ್ಕಿಗೂ ವ್ಯತ್ಯಾಸವಿದ್ದರೆ, ನಗದಾಗದ ಚೆಕ್ಕು ಯಾವುದು, ನಾವು ಬರೆಯದ ಬಡ್ಡಿ ಎಷ್ಟು ಎಂದು ತಾಳೆಪಟ್ಟಿ ಬರೆದಿಡಬೇಕು. ಮುಂಗಡ ಪಡೆದವರಿಂದ ಲೆಕ್ಕ ವಸೂಲಾಗಬೇಕು. ನಮ್ಮ ಸಂಘದಲ್ಲಿ ನನಗೆ ಹೆಚ್ಚು ಕಾಡಿದ್ದು ಪುಸ್ತಕ ದಾಸ್ತಾನು. ಅಚ್ಚಾದ ಕವನಸಂಕಲನಗಳಲ್ಲಿ ಮಾರಿದುವೆಷ್ಟು, ಗೌರವಪ್ರತಿಗಳೆಷ್ಟು, ಗೆದ್ದಲು ತಿಂದುವೆಷ್ಟು? ಎರಡು ಮಧ್ಯಾಹ್ನ ಧೂಳಿನಲ್ಲಿ ಕುಳಿತು ಎಣಿಸಿದೆ. ಗೆದ್ದಲಿನ ಪಾಲು ಮಾರಾಟಕ್ಕಿಂತ ಹೆಚ್ಚಿತ್ತು ಎಂಬುದನ್ನು ಆ ಕವಿಗಳಿಗೆ ನಾನು ಇನ್ನೂ ತಿಳಿಸಿಲ್ಲ. ಹಿಂದಿನ ವರ್ಷದ ಆಕ್ಷೇಪಣೆಗಳಿಗೆ ಸಮಜಾಯಿಷಿಯನ್ನು ಮೊದಲೇ ಬರೆದಿಟ್ಟೆ. ವ್ಯಾನಿನ ವಿಷಯದಲ್ಲಿ, ಖರ್ಚಿಗೆ ಒಪ್ಪಿಗೆ ಕೊಟ್ಟವನೂ ಚೀಟಿ ತಡೆದವನೂ ನಾನೇ ಎಂದು ಬರೆದು ಸಹಿ ಹಾಕಿ, ಸಮಿತಿಯ ನಡವಳಿಗೆ ಸೇರಿಸಿದೆ. ಮೇಷ್ಟ್ರಿಗೆ ಹಣ ಹಿಂದಿರುಗಿಸಲು ನಿರ್ಣಯವೂ ಆಯಿತು. ನಕ್ಕು ಕೇಳಿದ್ದವರೇ ಅದನ್ನು ಅನುಮೋದಿಸಿದರು.

ಇನ್ನು ಬಂದವರ ಉಪಚಾರ. ಪರಿಶೋಧಕರನ್ನು ಬೀಗರಂತೆ ಕಂಡು ಒಬ್ಬಟ್ಟು ಮಾಡಿಸಿದ ಸಂಸ್ಥೆಯೊಂದನ್ನು ನಾನು ಬಲ್ಲೆ. ಆ ಒಬ್ಬಟ್ಟಿನ ಖರ್ಚಿಗೂ ಓಚರಿರಲಿಲ್ಲವಂತೆ! ಬೆಳಕಿರುವ ಕಡೆ ಮೇಜು, ಒಂದು ಲೋಟ ಕಾಫಿ, ಕೇಳಿದ್ದಕ್ಕೆ ಉತ್ತರ ಕೊಡಬಲ್ಲ ಒಬ್ಬ ಮನುಷ್ಯ ಇದ್ದರೆ ಸಾಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬೇಕು. ಅಧ್ಯಾಪಕರಾಗಿದ್ದವರಿಗೆ ಇದು ಬಹಳ ಕಷ್ಟ.

2024-25ರ ಲೆಕ್ಕ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ವರದಿ ಅಚ್ಚಾದ ಮೇಲೆ ಒಂದು ಪ್ರತಿಯನ್ನೂ 7,400 ರೂಪಾಯಿಯ ಚೆಕ್ಕನ್ನೂ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಚೆಕ್ಕನ್ನು ಅವರು ನೋಡಲಿಲ್ಲ. “ಶಿಲ್ಕು ತಾಳೆಯಾಯಿತೇ?” ಎಂದರು. ಆಯಿತೆಂದೆ. ಕನ್ನಡಕವನ್ನು ಒರೆಸಿ ಹಾಕಿಕೊಂಡು, ಜಮಾ ಖರ್ಚಿನ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ತಾವೇ ಮತ್ತೊಮ್ಮೆ ಕೂಡತೊಡಗಿದರು.